ಪರದೆ ಎಳೆದ ಹೆಂಗಸು

"ಒಂಬತ್ತನೇ ಕ್ಲಾಸಿಗೇ ಪುಸ್ತಕ ಮುಚ್ಚಿಟ್ಟವನು ನೀನು, ನಿಲೋ. ಸಿನಿಮಾ ಅರ್ಥ ಮಾಡ್ಕೊಳ್ಳೋದು ನಮಗೆ ಬಿಡು, ನೀನು ಬನ್ನು ಹಂಚು," ಎಂದರು ಹೆಲ್ಕಾ ಟೀಚರ್. ಲೈಬ್ರರಿಯ ನೆಲಮಾಳಿಗೆಯಲ್ಲಿ ಸಿನಿಮಾ ನೋಡಿ ಚರ್ಚೆಗೆ ಕೂತವರೆಲ್ಲ ನಕ್ಕರು. ಬನ್ನು ನಾನೇ ಬೇಯಿಸಿದ್ದು, ನಾನು ಕೆಲಸ ಮಾಡುವ ಬೇಕರಿಯದು.

ನಾನು ಹೇಳಿದ್ದಿಷ್ಟೇ: ಆ ಹೆಂಗಸು ನೋಡಿದ್ದಳು. ಸಿನಿಮಾದ ಕೊನೆಯಲ್ಲಿ ಸರೋವರದ ಮೇಲೆ ಖಾಲಿ ದೋಣಿ ತೇಲುತ್ತದೆ, ದಡದ ಮನೆಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಾಳೆ. ಗಂಡ ಮುಳುಗಿದ್ದನ್ನು ಕಂಡಳೋ ಇಲ್ಲವೋ, ನಿರ್ದೇಶಕ ಬಾಯಿ ಬಿಡುವುದಿಲ್ಲ. ಕಂಡಿರಲೇ ಇಲ್ಲ ಎಂದು ಟೀಚರದು ಒಂದೇ ಹಟ. ಯಾಕೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ನಮ್ಮ ಕೂಟಕ್ಕೊಂದು ಕಟ್ಟಳೆಯಿದೆ. ಸಿನಿಮಾ ಬಗ್ಗೆ ಮಾತಾಡುವವನು ತಾನು ಓದಿದ ಕಥೆಯೊಂದನ್ನು ಅದರ ಪಕ್ಕಕ್ಕಿಟ್ಟು ಮಾತಾಡಬೇಕು. ಸ್ವಂತ ಬದುಕಿನ ಪುರಾಣ ತೆಗೆಯುವಂತಿಲ್ಲ.

"ಹಾಗಾದ್ರೆ ನಿನ್ನ ಕಥೆ ಯಾವುದಪ್ಪಾ?" ಲೈಬ್ರರಿ ನೋಡಿಕೊಳ್ಳುವ ತಾಯಿಸ್ತೊ ಕೆಣಕಿದ.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಇದೆ ಒಂದು. ಗಂಡ ಹೆಂಡತಿ ಬೆಳಿಗ್ಗೆ ಜಗಳ ಆಡ್ತಾರೆ. ಅವನು ಮೀನು ಹಿಡಿಯೋಕೆ ಹೆಪ್ಪುಗಟ್ಟಿದ ಸರೋವರಕ್ಕೆ ಹೋಗ್ತಾನೆ. ದೂರದಿಂದ ಕೈ ಬೀಸ್ತಾನೆ. ಈಗ ರಾಜಿಗೆ ಬಂದ್ನಲ್ಲ ಅಂತ ಅವಳು ಸಿಟ್ಟಲ್ಲಿ ಪರದೆ ಎಳೀತಾಳೆ. ಅಲ್ಲಿ ಅವನ ಕಾಲಡಿ ಮಂಜುಗಡ್ಡೆ ಒಡೆದಿರತ್ತೆ."

ಅದು ಯಾವ ಪುಸ್ತಕದಲ್ಲೂ ಇಲ್ಲ. ಹೋದ ಚಳಿಗಾಲ ಟೀಚರ ಅಂಗಳದ ಹಿಮ ಎತ್ತಿಹಾಕಿ, ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವರೇ ತೀರಿಹೋದ ತಮ್ಮ ಗಂಡನ ಬಗ್ಗೆ ಹೇಳಿಕೊಂಡದ್ದು. ಬೇರೆ ಯಾರ ಹತ್ತಿರವೂ ಹೇಳಿಲ್ಲ ಎಂದಿದ್ದರು.

ಅವರ ಮುಖ ನೋಡಿದ ಕೂಡಲೇ ಆಡಿದ್ದನ್ನೆಲ್ಲ ನುಂಗಿಬಿಡಬೇಕೆನಿಸಿತು. ಆದರೆ ಕೂಟ ಆಗಲೇ ಹಸಿದ ನಾಯಿಯಂತೆ ಕಥೆಯ ಮೇಲೆ ಬಿದ್ದಿತ್ತು.

"ಕೊಲೆನೇ ಬಿಡಿ. ಸುಮ್‌ಸುಮ್ನೆ ಯಾರಾದ್ರೂ ಪರದೆ ಎಳೀತಾರಾ?" ಎಂದ ತಾಯಿಸ್ತೊ.

"ಒಳಗೊಳಗೇ ಕಾಯ್ತಿದ್ಲು ಕಣ್ರೀ, ಸಾಯ್ಲಿ ಅಂತ," ಎಂದಳು ಔಷಧಿ ಅಂಗಡಿಯ ರೈಲಿ, ಬನ್ನು ಮುರಿಯುತ್ತ. "ಬರೆದವನು ಸರಿಯಾಗಿ ಹಿಡಿದಿದ್ದಾನೆ ಅವಳನ್ನ."

"ಅವಳಿಗೆ ಗೊತ್ತಿರ್ಲಿಲ್ಲ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಹಾಗಂತ ಕಥೇಲಿ ಇದ್ಯಾ?" ರೈಲಿ ಕೇಳಿದಳು.

ಇದೆ ಎಂದರೆ ಪುಸ್ತಕ ಕೇಳುತ್ತಾರೆ. ಇಲ್ಲ ಎಂದರೆ, ಮತ್ತೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ.

ಟೀಚರ್ ಕಪ್ಪು ಕೆಳಗಿಟ್ಟರು. ಕಾಫಿ ಮೇಜಿನ ಮೇಲೆ ಚೆಲ್ಲಿತು, ಒರೆಸಲಿಲ್ಲ.

"ನೀನು ಹೇಳು ನಿಲೋ," ಎಂದರು ಮೆಲ್ಲಗೆ. ಆ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. "ಅವಳು ಬೇಕಂತಲೇ ಎಳೆದ್ಲಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೋಟು ಎಳೆದುಕೊಂಡು ಮೆಟ್ಟಿಲು ಹತ್ತಿಬಿಟ್ಟೆ.