ನಕ್ಷೆಯಲ್ಲಿ ಇಲ್ಲದ ಮನೆ

ಹುಚ್ಚಣ್ಣನ ತೋಟದ ಬಾವಿ ಕೆಟ್ಟು ಎರಡು ವರ್ಷವಾಗಿತ್ತು. ಮೊದಲು ನೀರಿನ ಬಣ್ಣ ತಿರುಗಿತು, ಆಮೇಲೆ ವಾಸನೆ ಬಂತು. ಈಗ ಅದು ತೆಂಗಿನ ಬುಡಕ್ಕೆ ಸೈ, ಮನುಷ್ಯರ ಬಾಯಿಗಲ್ಲ. ಅವನ ಹೆಂಡತಿ ನಿಂಗಮ್ಮ ದಿನಾ ಬೆಳಿಗ್ಗೆ ಎರಡು ಕೊಡ ಹಿಡಿದು ಗೊಲ್ಲರಹಟ್ಟಿಯ ಬೋರಿಂಗಿಗೆ ಹೋಗಿ ಬರುತ್ತಿದ್ದಳು.

ಯಾಕೆ ಕೆಟ್ಟಿತು ಎನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಬೇಲಿಯಾಚೆಯ ಏರಿನ ಮೇಲೆ ಪಟ್ಟಣದ ಪುರಸಭೆಯವರು ಕಸ ಸುರಿಯುವ ಜಾಗ ಮಾಡಿದ್ದರು. ಸಂತೆಯ ಕೊಳೆ, ಹೋಟೆಲಿನ ಎಂಜಲೆಲೆ, ಚರಂಡಿಯ ಹೂಳು, ಎಲ್ಲವನ್ನೂ ಟ್ರ್ಯಾಕ್ಟರು ತಂದು ಸುರಿದು ಹೋಗುತ್ತಿತ್ತು. ಮಳೆ ಬಂದರೆ ಅದರ ರಸವೆಲ್ಲ ಇಳಿಯುವುದು ಬಾವಿಯ ಕಡೆಗೇ.

ಊರವರು ಪುರಸಭೆಯನ್ನು ಬೈಯುತ್ತಿದ್ದರು. ಹುಚ್ಚಣ್ಣ ಬೈಯುತ್ತಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ ಎದ್ದು ಹೋಗುತ್ತಿದ್ದ.

ಶ್ರಾವಣದ ಒಂದು ಬೆಳಿಗ್ಗೆ ಹಟ್ಟಿಯ ಜಯಕ್ಕ ತೋಟಕ್ಕೆ ಬಂದಳು. ಹಟ್ಟಿಯಲ್ಲಿ ಬಾಲವಾಡಿ ನಡೆಸುವವಳು ಅವಳು. ಏಳನೇ ಕ್ಲಾಸಿನವರೆಗೆ ಓದಿದ್ದಳು. ಕಚೇರಿ ಗೋಡೆಗೆ ಅಂಟಿಸಿದ್ದನ್ನೆಲ್ಲ ನಿಂತು ಓದುವ ಚಟ ಬೇರೆ. ಹುಚ್ಚಣ್ಣ ಜಗಲಿಯಲ್ಲಿ ಕೂತು ಮಚ್ಚು ಮಸೆಯುತ್ತಿದ್ದ.

"ಯಜಮಾನ್ರೇ, ಪುರಸಭೆಯೋರು ಊರಿನ ನಕ್ಷೆ ತಿದ್ತಾವ್ರೆ. ಮನೆ ಎಲ್ಲಿ ಕಟ್ಬೇಕು, ಕಸ ಎಲ್ಲಿ ಹಾಕ್ಬೇಕು, ಕಲ್ಲು ಮಣ್ಣು ಎಲ್ಲಿ ತೆಗೀಬೇಕು ಅಂತ ಎಲ್ಲಾನೂ ಗುರ್ತು ಮಾಡವ್ರೆ. ಇನ್ನೂ ಕರಡು. ಈ ತಿಂಗಳ ಕೊನೇವರ್ಗೂ ಯಾರು ಬೇಕಾದ್ರೂ ನೋಡಿ ತಕರಾರು ಬರ್ದು ಕೊಡಬೌದಂತೆ."

"ನೋಡೋರು ನೋಡ್ಕೊಳ್ಳಿ ಬುಡು ತಾಯಿ. ನಮ್ಮ ಮಾತು ಯಾರು ಕೇಳ್ತಾರೆ?"

"ಕೇಳೋಕೆ ಮೊದ್ಲು ನೀವು ಬಾಯಿ ಬಿಡ್ಬೇಕಲ್ಲ. ನಿಮ್ಮ ತೋಟಕ್ಕೂ ನಮ್ಮ ಹಟ್ಟಿಗೂ ನಡುವೆ ಕರೇಬಂಡೆ ಐತಲ್ಲ, ಅಲ್ಲಿ ಕಲ್ಲು ಕ್ವಾರಿ ಬರ್ದವ್ರೆ. ಮದ್ದಿಟ್ಟು ಸಿಡಿಸೋ ಕ್ವಾರಿ."

ನಿಂಗಮ್ಮ ಒಳಗಿಂದ ಹೊಸಿಲಿಗೆ ಬಂದಳು. "ಮನೆ ಮಗ್ಗುಲಲ್ಲೇ ಮದ್ದು ಇಡ್ತಾರಾ? ನಾವಿಲ್ಲಿ ಬಾಳ್ತಿರೋದು ಅವ್ರಿಗೆ ಗೊತ್ತಿಲ್ವಾ?"

"ನಾನೂ ಅದ್ನೇ ಕೇಳ್ದೆ ಕಣಕ್ಕ. 'ಅಲ್ಲಿ ಮನೆ ಇಲ್ಲಮ್ಮ, ಹಳೇ ಸರ್ವೇಲಿ ಕೊಬ್ಬರಿ ಕೊಟ್ಟಿಗೆ, ವಾಸ ಇಲ್ಲ ಅಂತ ಐತೆ' ಅಂದ್ರು. ಬಾವೀನೂ ಇಲ್ವಂತೆ. ಅಲ್ಲ, ನಿಮ್ಮನೇಲಿ ನಾನು ಎಷ್ಟು ಚೆಂಬು ಮಜ್ಜಿಗೆ ಕುಡ್ದಿಲ್ಲ? ಇಲ್ಲದ ಮನೇಲಿ ಕುಡ್ದ್ನಾ?"

ಹುಚ್ಚಣ್ಣನ ಕೈಯ ಮಚ್ಚು ನಿಂತುಹೋಯಿತು.

ಎಂಟು ವರ್ಷದ ಹಿಂದೆ ಅಳತೆಯ ಸರಪಳಿ ಹಿಡಿದ ಸರ್ವೆಯವರಿಬ್ಬರು ತೋಟಕ್ಕೆ ಬಂದಿದ್ದರು. ಮನೆ ಬರೆಸಿದರೆ ಮನೆ ಕಂದಾಯ, ಬಾವಿ ಬರೆಸಿದರೆ ಬಾವಿಗೂ ಕಂದಾಯ ಎಂಬ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಹುಚ್ಚಣ್ಣ ಬಾವಿಯ ಬಾಯಿಗೆ ಬಿದಿರು ಅಡ್ಡ ಹಾಕಿ ತೆಂಗಿನ ಗರಿ ಒಟ್ಟಿದ. ಪಾತ್ರೆ, ಹಾಸಿಗೆ ಎಲ್ಲವನ್ನೂ ಹುಲ್ಲಿನ ಬಣವೆಯ ಹಿಂದಕ್ಕೆ ಸಾಗಿಸಿದ. ಬಂದವರು ಒಳಗೆ ಇಣುಕಿದರೆ ಕಂಡದ್ದು ಅಟ್ಟದ ತುಂಬ ಒಣಗಲು ಬಿಟ್ಟ ಕಾಯಿ. ಒಲೆ ಯಾಕೆ ಎಂದು ಕೇಳಿದರು. "ಕಾಯಿ ಕೊಬ್ಬರಿ ಆಗ್ಬೇಕಾದ್ರೆ ಹೊಗೆ ತಾಗ್ಬೇಕಲ್ಲ ಸ್ವಾಮಿ. ನಮ್ಮನೆ ಊರೊಳಗೈತೆ" ಎಂದ. ಅಟ್ಟದ ಮೇಲೆ ಕಾಯಿ ಒಣಗಿಸಿ ಅದರ ಕೆಳಗೇ ಸಂಸಾರ ಮಾಡುವ ಸೀಮೆಯಿದು ಎಂದು ಆ ಹೊರಗಿನವರಿಗೆ ತಿಳಿಯಲಿಲ್ಲ. ನಂಬಿ ಬರೆದುಕೊಂಡು ಹೋದರು. ಆರು ತಿಂಗಳು ಈ ಕಥೆಯನ್ನು ಕೊಬ್ಬರಿ ಮಂಡಿಯಲ್ಲಿ ಹೇಳಿ ಹೇಳಿ ನಗಿಸಿದ್ದ ಹುಚ್ಚಣ್ಣ.

ಆಗಲೂ ನಕ್ಷೆಯನ್ನು ಪುರಸಭೆಯ ಕಚೇರಿ ಗೋಡೆಗೆ ಹಾಕಿದ್ದರು. ಮಂಡಿಯಿಂದ ಕೂಗಳತೆಯ ದೂರ. ಅವನು ಹೋಗಲಿಲ್ಲ. ಕಸದ ಟ್ರ್ಯಾಕ್ಟರು ಬಂದ ದಿನ ಓಡಿಹೋಗಿ ಕೇಳಿದಾಗ ಗುಮಾಸ್ತ ಹಳೆಯ ಹಾಳೆ ತೆಗೆದು ತೋರಿಸಿದ. ಮನೆಯೂ ಇಲ್ಲ, ನೀರೂ ಇಲ್ಲ, ಕಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಹುಚ್ಚಣ್ಣ ಬಾಯಿ ಮುಚ್ಚಿಕೊಂಡು ವಾಪಸು ಬಂದ. ಹೆಂಡತಿಗೂ ಹೇಳಲಿಲ್ಲ.

ಇವತ್ತು ಹೇಳಿದ. ತಲೆಯೆತ್ತದೆ, ನಿಧಾನವಾಗಿ, ಎಲ್ಲವನ್ನೂ ಹೇಳಿದ.

ನಿಂಗಮ್ಮ ಹೊಸಿಲ ಮೇಲೆ ಕೂತುಬಿಟ್ಟಳು. "ನಮ್ಮ ಮಗಳು ಲಕ್ಷ್ಮಿದೇವಿ ಬಾಣಂತನಕ್ಕೆ ಬಂದು ಹದ್ನೈದು ದಿನ ಆಗಿರ್ಲಿಲ್ಲ. ಮಗೀಗೆ ಭೇದಿ ಹಿಡೀತು. ಬಿಳಿಗೆರೆ ಬೀಗ್ರು ಬಂದು 'ನಿಮ್ಮ ನೀರು ಬ್ಯಾಡ' ಅಂತ ತಾಯಿ ಮಗೀನ ಗಾಡಿ ಹತ್ತುಸ್ಕೊಂಡು ಹೋದ್ರು. ಅವತ್ತಿಂದ ನಾನು ಪುರಸಭೆಯೋರಿಗೆ ಶಾಪ ಹಾಕ್ತಾ ಇವ್ನಿ. ಅದು ಯಾರಿಗೆ ತಟ್ಬೇಕಿತ್ತು ಹೇಳು?"

ಹುಚ್ಚಣ್ಣ ಮಸೆದ ಮಚ್ಚನ್ನೇ ಮತ್ತೆ ಮಸೆಯತೊಡಗಿದ.

ಜಯಕ್ಕ ಜಗಲಿಯ ಅಂಚಿಗೆ ಕೂತಳು. "ನೀವೊಬ್ರೇ ಅಲ್ಲ ಬುಡಿ ಯಜಮಾನ್ರೇ. ಕುರಿ ಲೆಕ್ಕ ಬರ್ಕೋತಾರೆ ಅಂತ ನಮ್ಮ ಹಟ್ಟಿ ಹಿರೀಕ ಗೊಲ್ಲರಪ್ಪ ಅವತ್ತು ಅರ್ಧ ಹಟ್ಟೀನೇ ಅಡವಿಗೆ ಅಟ್ಟಿದ್ದ. ಹನ್ನೊಂದು ಗುಡ್ಲಲ್ಲಿ ನಾಕೇ ಬರ್ದ್ರು. ಸರ್ಕಾರದ ಜನತಾ ಮನೆ ಬಂದಾಗ್ಲೂ ನಾಕೇ ಬಂದ್ವು. ಉಳ್ದೋರು ಇನ್ನೂ ಸೋಗೆ ಕೆಳಗೇ ಅವ್ರೆ. ಈಗ ನಾವೂ ಬರ್ದು ಕೊಡ್ತಾ ಇದೀವಿ. ನೀವೂ ಬನ್ನಿ."

"ಸುಳ್ಳು ಹೇಳಿದ್ದೆ ಅಂತ ನಾನೇ ಹೋಗಿ ಒಪ್ಕೊಳ್ಳೋದಾ? ಹಳೇ ಕಂದಾಯಾನೆಲ್ಲ ತಲೆಗೆ ಕಟ್ತಾರೆ. ಜೈಲಿಗೂ ಹಾಕಬೌದು."

"ಕಂದಾಯ ಕಟ್ಟಿದ್ರೆ ರಸೀತಿ ಕೊಡ್ತಾರೆ. ಬಂಡೆ ಸಿಡ್ದು ಕಲ್ಲು ಹೆಂಚಿನ ಮ್ಯಾಲೆ ಬಿದ್ರೆ ಯಾರು ಕೊಡ್ತಾರೆ ರಸೀತಿ?"

ನಿಂಗಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. "ನೀನು ಬರಲ್ಲ ಅಂದ್ರೆ ಬುಡು, ನಾನೇ ಹೋಯ್ತೀನಿ. ಈ ಮನೇಲಿ ಮೂವತ್ತು ವರ್ಷ ಒಲೆ ಹಚ್ಚಿರೋಳು ನಾನು. ಮನೆ ಐತೋ ಇಲ್ವೋ ನಾನೇ ಹೇಳ್ತೀನಿ."

ಹುಚ್ಚಣ್ಣ ಮಚ್ಚು ಕೆಳಗಿಟ್ಟು ಟವಲು ಹೆಗಲಿಗೆ ಹಾಕಿಕೊಂಡ.

ಕಚೇರಿಯಲ್ಲಿ ನಕ್ಷೆ ಬರೆಯುವ ಶ್ರೀರಂಗಯ್ಯ ಎಂಬ ವಯಸ್ಸಾದವರು ಅರ್ಜಿ ತೆಗೆದುಕೊಂಡರು. ಜಯಕ್ಕನ ಕೈಬರಹ, ಹುಚ್ಚಣ್ಣನ ರುಜು, ನಿಂಗಮ್ಮನ ಹೆಬ್ಬೆಟ್ಟು.

"ಬಾವಿ ಇತ್ತು ಅಂತೀರಲ್ಲ, ಆವಾಗ ಯಾಕ್ರೀ ಹೇಳ್ಲಿಲ್ಲ?"

"ಮುಚ್ಚಿಟ್ಟೆ ಸ್ವಾಮಿ" ಎಂದ ಹುಚ್ಚಣ್ಣ.

ಅವರು ಬೈಯಲಿಲ್ಲ. ಮುಂದಿನ ವಾರ ತಾವೇ ತೋಟಕ್ಕೆ ಬಂದು ಮನೆ ನೋಡಿದರು, ಬಾವಿಯೊಳಗೆ ಬಗ್ಗಿ ಮೂಗು ಮುಚ್ಚಿಕೊಂಡರು. ಹಟ್ಟಿಯ ಗುಡಿಸಲುಗಳನ್ನೂ ಎಣಿಸಿಕೊಂಡು ಹೋದರು. ತಕರಾರುಗಳ ವಿಚಾರಣೆ ಮುಗಿಯುವಾಗ ಚಳಿಗಾಲ ಬಂದಿತ್ತು. ಕ್ವಾರಿಯ ಗುರುತು ಜನವಸತಿಯಿಲ್ಲದ ದೂರದ ಗುಡ್ಡಕ್ಕೆ ಹೋಯಿತು. ಕಸದ ಜಾಗವನ್ನೂ ಬದಲಿಸಬೇಕೆಂದು ಬರೆದರು. ಆದರೆ ಬೇರೆ ಜಾಗ ಸಿಗುವವರೆಗೆ ಟ್ರ್ಯಾಕ್ಟರು ಇಲ್ಲಿಗೇ ಬರಬೇಕು. ಎಷ್ಟು ವರ್ಷವೋ ಗೊತ್ತಿಲ್ಲ. ಸುರಿದು ಇಂಗಿದ್ದನ್ನು ಮಣ್ಣಿನಿಂದ ಹೊರಗೆ ತೆಗೆಯುವ ದಾರಿ ಯಾರ ಬಳಿಯೂ ಇರಲಿಲ್ಲ.

ವಿಚಾರಣೆಯ ಕೊನೆಯ ದಿನ ಕಚೇರಿಯಲ್ಲಿ ಶ್ರೀರಂಗಯ್ಯ ದೊಡ್ಡ ಹಾಳೆ ಬಿಡಿಸಿ, ಹುಚ್ಚಣ್ಣನ ಕಣ್ಣೆದುರಿಗೇ ಪೆನ್ನಿನಿಂದ ಒಂದು ಸಣ್ಣ ಚೌಕ ಬರೆದರು. ಅದರ ಪಕ್ಕಕ್ಕೆ ರಾಗಿ ಕಾಳಿನಷ್ಟು ಒಂದು ಸೊನ್ನೆ.

"ಇದು ನಿಮ್ಮನೆ. ಇದು ಬಾವಿ."

ಹುಚ್ಚಣ್ಣ ಬಗ್ಗಿ ತುಂಬ ಹೊತ್ತು ನೋಡಿದ.

"ಇಷ್ಟೇನಾ ಸ್ವಾಮಿ?"

"ಇಷ್ಟೇ ಕಣಪ್ಪ."

"ಆವಾಗ್ಲೇ ಬರ್ಸಿದ್ರೆ ಇಷ್ಟೇ ಹೊತ್ತು ಹಿಡೀತಿತ್ತಾ?"

ಶ್ರೀರಂಗಯ್ಯ ಶಾಯಿ ಆರಲಿ ಎಂದು ಹಾಳೆಯ ಮೇಲೆ ಮೆಲ್ಲಗೆ ಊದಿದರು.

ಅಕ್ಕಂದಿರೇ, ಅಣ್ಣಂದಿರೇ, ಅಳೆಯಲು ಬಂದವರಿಗೆ ನಿಮ್ಮ ಮನೆ, ಬಾವಿ, ಕಟ್ಟೆ, ಹಟ್ಟಿ, ಇರುವುದನ್ನೆಲ್ಲ ಇದ್ದ ಹಾಗೆ ತೋರಿಸಿ. ಊರಿನ ನಕ್ಷೆ ತಿದ್ದುತ್ತಿದ್ದಾರೆ ಎಂದು ಕೇಳಿಬಂದರೆ ಸಂತೆಗೆ ಹೋದವರು ಹಾಗೆಯೇ ಕಚೇರಿಗೂ ಹೋಗಿ. ಓದಲು ಬಾರದಿದ್ದರೆ ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ. ತಪ್ಪು ಕಂಡರೆ ಗಡುವಿನೊಳಗೆ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಹುಚ್ಚಣ್ಣ ಎಂಟು ವರ್ಷ ತಡವಾಗಿ ಹೋದ. ನೀವು ನಾಳೆಯೇ ಹೋಗಿ.