ನಾಕು ಹೆಜ್ಜಿಯ ಪೇಟಿ

ನಾನು ಒಂದು ಹಾರ್ಮೋನಿಯಂ. ನಮ್ಮ ಕಡೆ ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲ, ಪೇಟಿ ಎನ್ನುತ್ತಾರೆ. ನನಗೂ ಅದೇ ರೂಢಿಯಾಗಿದೆ. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಮೌಲಾಸಾಬ ಎಂಬ ಮುದುಕ ನನ್ನನ್ನು ಮಾಡಿದ. ಸಾಗವಾನಿ ಮೈ, ಹಿತ್ತಾಳೆಯ ನಾಲಿಗೆಗಳು, ಬೆನ್ನಿಗೆ ಗಾಳಿ ತುಂಬುವ ತಿದಿ. ಕೆಲಸ ಮುಗಿದ ದಿನ ಅವನು ಒಂದು ಸ್ವರವನ್ನೂ ಒತ್ತಲಿಲ್ಲ. ಬರೀ ತಿದಿ ಹಾಕಿ, ಕಿವಿಯಿಟ್ಟು ಕೇಳಿ, "ಉಸಿರು ಚಲೋ ಐತಿ. ಉಳಿದದ್ದೆಲ್ಲಾ ಆಮ್ಯಾಗ" ಎಂದ.

ಮೊದಲ ಹನ್ನೆರಡು ವರ್ಷ ಬೆಟಗೇರಿಯ ಒಂದು ಭಜನಾ ಮಂಡಳಿಯಲ್ಲಿ ದುಡಿದೆ. ಅಲ್ಲಿ ನನ್ನನ್ನು ಬಾರಿಸುತ್ತಿದ್ದವನಿಗೆ ಬಟ್ಟೆ ಒಗೆಯುವುದಕ್ಕೂ ಪೇಟಿ ನುಡಿಸುವುದಕ್ಕೂ ಹೆಚ್ಚು ವ್ಯತ್ಯಾಸ ಗೊತ್ತಿರಲಿಲ್ಲ. ಆಮೇಲೆ ಅವರು ಕರೆಂಟಿನ ಕೀಬೋರ್ಡ್ ತಂದರು. ನನ್ನನ್ನು ಹೆಣ್ಣುಮಕ್ಕಳ ಶಾಲೆಯ ಸಂಗೀತ ಶಿಕ್ಷಕಿ ನೀಲಾಂಬಿಕಾಳಿಗೆ ಕೊಟ್ಟುಬಿಟ್ಟರು.

ನೀಲಾ ಮದುವೆಯಾಗಿರಲಿಲ್ಲ. ಅಣ್ಣ ಗುರುಬಸಪ್ಪನ ಮನೆಯಲ್ಲಿದ್ದಳು. ಅಣ್ಣನಿಗೆ ಸೀರೆ ಅಂಗಡಿ. ಅವನ ಹೆಂಡತಿ ತೀರಿಕೊಂಡ ಮೇಲೆ ಮಗಳು ಶೈಲಾಳನ್ನು ಸಾಕಿದವಳು ನೀಲಾ. ಅವಳ ಕೈ ಮೆತ್ತಗಿತ್ತು. ಅವಳ ಮುಂದೆ ಕುಳಿತಾಗಲೇ ನನಗೆ ನನ್ನ ದನಿ ಏನೆಂದು ತಿಳಿದದ್ದು.

ಮೂವತ್ತೆಂಟನೆಯ ವಯಸ್ಸಿನಲ್ಲಿ ನೀಲಾ ಮಲಗಿಬಿಟ್ಟಳು. ಜ್ವರವಿಲ್ಲ, ಕೆಮ್ಮಿಲ್ಲ. ತಲೆ ಬಾಚುವುದಿಲ್ಲ, ಶಾಲೆಗೆ ಹೋಗುವುದಿಲ್ಲ. ಗುರುಬಸಪ್ಪ ತಾಯತ ಕಟ್ಟಿಸಿದ. ಅದರಿಂದ ಏನೂ ಆಗದಿದ್ದಾಗ ಹಾಸಿಗೆಯ ಪಕ್ಕ ನಿಂತು ಬೈದ:

"ಏನಾಗೇತಿ ನಿನಗ? ಉಣ್ಣಾಕ ಐತಿ, ಉಡಾಕ ಐತಿ. ಮನಸ್ಸು ಗಟ್ಟಿ ಮಾಡ್ಕೋ."

ಅವನು ಕೆಟ್ಟವನಲ್ಲ. ಅವನಿಗೆ ಗೊತ್ತಿದ್ದ ಔಷಧಿ ಅದೊಂದೇ.

ಕೆಲವು ಮಧ್ಯಾಹ್ನ ನೀಲಾ ಹೇಗೋ ಎದ್ದು ನನ್ನ ಮುಂದೆ ಕೂರುತ್ತಿದ್ದಳು. ಸ್ವರ ಒತ್ತುತ್ತಿರಲಿಲ್ಲ. ಎಡಗೈಯಿಂದ ತಿದಿ ಹಾಕುವುದು, ಬಿಡುವುದು, ಅಷ್ಟೇ. ಹುಸ್, ಹುಸ್ ಎಂದು ನಾನು ಉಸಿರಾಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು. ಹಾಡಿ ದಣಿಯುವುದು ಬೇರೆ, ಹಾಡದೆ ದಣಿಯುವುದು ಬೇರೆ. ಎರಡನೆಯದಕ್ಕೆ ನಿದ್ದೆಯಿಂದಲೂ ಪರಿಹಾರವಿಲ್ಲ.

ಕೊನೆಗೆ ಶಾಲೆಯ ಮುಖ್ಯಶಿಕ್ಷಕಿ ಅವಳನ್ನು ಧಾರವಾಡದ ಡಾಕ್ಟರರ ಹತ್ತಿರ ಕರೆದೊಯ್ದರು. ಇದು ಖಿನ್ನತೆ ಎಂಬ ಕಾಯಿಲೆ, ಸೋಮಾರಿತನವಲ್ಲ ಎಂದು ಡಾಕ್ಟರು ಹೇಳಿದರಂತೆ. ಮಾತ್ರೆ ಶುರುವಾಯಿತು. ಅರ್ಧ ವರ್ಷ ಕಳೆದ ಮೇಲೆ ಅವಳ ಬಲಗೈ ಮತ್ತೆ ನನ್ನ ಮೇಲೆ ಬಂತು. ಔಷಧಿ ಚೀಟಿಗಳ ಹಿಂಬದಿಯಲ್ಲಿ ಹಾಡು ಬರೆಯತೊಡಗಿದಳು. ಒಟ್ಟು ಏಳು ಹಾಡು, ಎಲ್ಲವೂ ಆ ದಿನಗಳ ಮೇಲೆ. ಮೊದಲನೆಯದು ಹೀಗಿತ್ತು:

"ಹಾಸಿಗಿಂದ ಬಾಗಿಲಿಗೆ ಒಂಬತ್ತು ಹೆಜ್ಜಿ,
ಇವತ್ತು ನಾಕು ಇಟ್ಟೀನಿ, ಉಳಿದದ್ದು ನಾಳಿಗಿ."

ಏಳನ್ನೂ ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಮೊದಲ ಹಾಡಿಗೆ ಮುಂಚೆ ಅವಳು ಬರೀ ತಿದಿ ಹಾಕಿದಳು. "ಮೇಡಂ, ಗಾಳಿ ಸದ್ದು ಬಂದೈತ್ರಿ, ತಗದುಬಿಡ್ಲಿ?" ಎಂದು ರೆಕಾರ್ಡ್ ಮಾಡುವವನು ಕೇಳಿದ. "ಬ್ಯಾಡ್ರಿ. ಆವಾಗ ನನ್ನ ಹತ್ರ ಅಷ್ಟ ಇತ್ತು" ಎಂದಳು ನೀಲಾ. ಆಲ್ಬಮ್ಮಿಗೆ 'ನಾಕು ಹೆಜ್ಜಿ' ಎಂದು ಹೆಸರಿಟ್ಟಳು.

ಹಾಡಿದವಳ ಹೆಸರು ಮಾತ್ರ ಬರಲಿಲ್ಲ. ಗುರುಬಸಪ್ಪ ಕೈಮುಗಿದು ಕೇಳಿಕೊಂಡಿದ್ದ. "ಹಾಡು ಬೇಕಾದಷ್ಟು ಮಾಡವ್ವ, ಹೆಸರು ಹಾಕಬ್ಯಾಡ. ಮನಿತನದಾಗ ಹುಚ್ಚು ಐತಿ ಅಂದ್ರ ಶೈಲಾನ್ನ ಯಾರು ಮಾಡ್ಕೊಂತಾರ?" ನೀಲಾ ಒಪ್ಪಿಕೊಂಡಳು. ಜನ ಫೋನುಗಳಲ್ಲಿ ಆ ಹಾಡು ಕೇಳುತ್ತಿದ್ದರು. ಯಾರದೆಂದು ಯಾರಿಗೂ ತಿಳಿಯದು. ನನಗೆ ಸಂಕಟವಾಗುತ್ತಿತ್ತು.

ಶೈಲಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಸೋದರತ್ತೆ ಊರಿಗೆ ಹೋಗಿದ್ದಾಳೆ ಎಂದು ಅವರಿಗೆ ಹೇಳಲಾಗಿತ್ತು. ಸೋದರತ್ತೆ ಅಡುಗೆಮನೆಯಲ್ಲಿ ಅವರಿಗಾಗಿ ಶಿರಾ ತಿರುವುತ್ತಿದ್ದಳು. ಪದ್ಧತಿಯಂತೆ ಗಂಡಿನ ತಾಯಿ, "ಒಂದು ಹಾಡು ಹೇಳವ್ವ" ಎಂದರು. ಶೈಲಾ ನನ್ನ ಮುಂದೆ ಕುಳಿತು ಮೊದಲು ಬರೀ ತಿದಿ ಹಾಕಿದಳು. ಪೇಟಿ ಕೆಟ್ಟಿದೆಯೇನೋ ಎಂದು ಅವರು ಮುಖ ಮುಖ ನೋಡಿಕೊಂಡರು. ಆಮೇಲೆ ಅವಳು 'ಹಾಸಿಗಿಂದ ಬಾಗಿಲಿಗೆ ಒಂಬತ್ತು ಹೆಜ್ಜಿ' ಹಾಡಿದಳು.

"ಯಾರು ಕಲಿಸ್ಯಾರವ್ವ ಇದನ್ನ?"

"ನಮ್ಮ ಅತ್ತಿ. ತನ್ನ ಜಡ್ಡಿನ ಮ್ಯಾಲೆ ತಾನ ಬರದಾಳ್ರಿ. ಒಳಗ ಶಿರಾ ಮಾಡಾಕತ್ತಾಳ."

ಅವರು ಶಿರಾ ತಿಂದರು, ಚಲೋ ಆಗಿದೆ ಎಂದರು, ಮತ್ತೆ ಬರಲಿಲ್ಲ. ಮರುದಿನ ಗುರುಬಸಪ್ಪ ನನ್ನನ್ನು ಎತ್ತಿ ಅಟ್ಟಕ್ಕೆ ಹಾಕಿದ. ತಂಗಿಯ ಜೊತೆ ಮಾತು ಬಿಟ್ಟ. ಎರಡು ವರ್ಷದ ಮೇಲೆ ಎಲ್ಲ ತಿಳಿದೇ ಕೈಹಿಡಿದವನೊಬ್ಬನ ಜೊತೆ ಶೈಲಾ ವಿಜಯಪುರಕ್ಕೆ ಹೋದಳು. ನಾನು ಅಟ್ಟದಲ್ಲೇ ಇದ್ದೆ. ಇಲಿಗಳು ನನ್ನ ತಿದಿಯ ಅಂಚು ಕಡಿದವು. ಬೇಡ ಎನ್ನುವ ತ್ರಾಣವೂ ನನಗಿರಲಿಲ್ಲ.

ಒಂದು ಮಧ್ಯಾಹ್ನ ಗುರುಬಸಪ್ಪನೇ ಹತ್ತಿ ನನ್ನನ್ನು ಇಳಿಸಿದ. ಗಡ್ಡ ಬೆಳೆದಿತ್ತು. ಅಂಗಡಿಗೆ ಹೋಗದೆ ವಾರಗಳಾಗಿದ್ದವು. ಅವನಿಗೆ ಪೇಟಿ ನುಡಿಸಲು ಬರುವುದಿಲ್ಲ. ನನ್ನ ಮುಂದೆ ಕುಳಿತು ಬರೀ ತಿದಿ ಹಾಕಿದ, ಬಿಟ್ಟ. ಹುಸ್, ಹುಸ್.

ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಸದ್ದು ನಿಂತಿತು. ನೀಲಾ ಬಂದು ಅವನ ಪಕ್ಕ ಕುಳಿತಳು.

"ಅಣ್ಣಾ, ಎಷ್ಟು ದಿನಾತು ಹಿಂಗಾಗಿ?"

"ಏನಾಗೇತಿ ನನಗ? ಉಣ್ಣಾಕ ಐತಿ, ಉಡಾಕ..." ಎನ್ನುತ್ತ ಅವನು ಮುಖ ಮುಚ್ಚಿಕೊಂಡ. ಅತ್ತ.

ಹಳೆಯ ಮಾತನ್ನು ಅವಳು ಎತ್ತಿ ಆಡಲಿಲ್ಲ. "ಬಾಗಿಲಿಗೆ ಒಂಬತ್ತು ಹೆಜ್ಜಿ ಐತಿ, ನಾ ಎಣಿಸೀನಿ. ಇವತ್ತು ನಾಕು ಸಾಕು. ನಾಳೆ ಇಬ್ಬರೂ ಕೂಡಿ ಧಾರವಾಡಕ್ಕ ಹೋಗೂಣು" ಎಂದಳು.

ಹೋದರು. ಈಗ ನಾನು ಪಡಸಾಲೆಯ ಮೂಲೆಯಲ್ಲಿದ್ದೇನೆ. ತಿದಿ ಪೂರ್ತಿ ಹರಿದಿದೆ, ಮೌಲಾಸಾಬನೂ ಇಲ್ಲ. ನನ್ನ ಮುಚ್ಚಳದ ಮೇಲೆ ಎರಡು ಮಾತ್ರೆ ಡಬ್ಬಿಗಳಿವೆ, ಒಂದು ಅಣ್ಣನದು, ಒಂದು ತಂಗಿಯದು. ಭಾರವೇನಿಲ್ಲ. ಕೆಲವು ದಿನ ಇಬ್ಬರೂ ಚೆನ್ನಾಗಿರುತ್ತಾರೆ, ಕೆಲವು ದಿನ ಇಬ್ಬರೂ ಹಾಗಿರುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದೇ: ದಣಿದವರಿಗೆ ಹಾಡು ಆಮೇಲೆ, ಮೊದಲು ಪಕ್ಕದಲ್ಲಿ ಕೂರುವವರೊಬ್ಬರು ಬೇಕು.

ಮೊನ್ನೆ ಗುರುಬಸಪ್ಪ ನನ್ನ ಪಕ್ಕದಲ್ಲೇ ಕುಳಿತು ಸ್ಟುಡಿಯೋಕ್ಕೆ ಫೋನ್ ಮಾಡಿದ.

"'ನಾಕು ಹೆಜ್ಜಿ' ಹಾಡಿದವರ ಹೆಸರು ಬಿಟ್ಟೈತ್ರಿ. ಬರ್ಕೊಳ್ರಿ. ನೀಲಾಂಬಿಕಾ." ಆಮೇಲೆ ಸೇರಿಸಿದ. "ನನ್ನ ತಂಗಿರಿ."