ಆರ್ಲೀನಳ ಎಡಗಣ್ಣು

“ನಮ್ಮಕ್ಕಂಗೆ ಎಡಗಣ್ಣು ಕಾಣ್ತಾನೇ ಇರ್ಲಿಲ್ಲ, ಎರಡು ವರ್ಷದಿಂದ! ನಿಂಗೂ ಹೇಳಿರ್ಲಿಲ್ವಾ?”

ಆರ್ಲೀನಳ ತಂಗಿ ಲವಾನ್ ಹೀಗೆಂದಾಗ ಕ್ಯಾರಿನ್ ಕೈಯಲ್ಲಿದ್ದ ಹ್ಯಾಮ್ ಬನ್ನನ್ನು ತಟ್ಟೆಗೆ ಹಾಕಿಬಿಟ್ಟಳು. ಆರ್ಲೀನಳನ್ನು ಮಣ್ಣು ಮಾಡಿ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಅಮೆರಿಕದ ಡುಲೂತ್ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಜನ ಕಾಫಿ ಕುಡಿಯುತ್ತ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

“ಏನಾಗಿತ್ತು?”

“ಗ್ಲಾಕೋಮ. ಕಣ್ಣೊಳಗೆ ಒತ್ತಡ ಏರಿ ನೋಟ ತಿಂದುಬಿಡುತ್ತಂತೆ. ನೀನು ಕೆಲಸ ಬಿಡಿಸ್ತೀಯ ಅಂತ ಬಾಯಿ ಬಿಡ್ಲಿಲ್ಲ. ಹಟಮಾರಿ ಮುಂಡೇದು.” ಲವಾನ್ ಮೂಗೊರೆಸಿಕೊಂಡಳು.

ಕ್ಯಾರಿನ್ ಬೆಕ್ಕುಗಳ ಡಾಕ್ಟರು. ಅವಳು ಕೆಲಸಕ್ಕೆ ಸೇರುವ ಮೊದಲಿಂದಲೂ ಆ ಬೆಕ್ಕಿನಾಸ್ಪತ್ರೆಗೆ ಆರ್ಲೀನಳೇ ನರ್ಸು.

*

ಹೊಸದರಲ್ಲಿ ಕ್ಯಾರಿನ್ ಒಂದು ಬೂದು ಬೆಕ್ಕಿನ ಮುಖದ ಮುಂದೆ ಕೈ ಬೀಸಿ, ಅದು ರೆಪ್ಪೆ ಬಡಿದದ್ದು ನೋಡಿ, “ಕಣ್ಣು ಕಾಣುತ್ತೆ” ಎಂದಿದ್ದಳು.

“ಕಾಣಲ್ಲ ಡಾಕ್ಟರೇ. ನಿಮ್ಮ ಕೈ ಗಾಳಿ ಮೀಸೆಗೆ ತಾಗ್ತು, ಅಷ್ಟೇ.” ಆರ್ಲೀನ್ ಬೆಕ್ಕಿನೆದುರು ಹತ್ತಿಯುಂಡೆಯೊಂದನ್ನು ಸದ್ದಿಲ್ಲದೆ ಕೆಳಗೆ ಬಿಟ್ಟಳು. ಬೆಕ್ಕು ತಲೆ ಅಲ್ಲಾಡಿಸಲಿಲ್ಲ.

“ಮನೇಲಿ ಚೆನ್ನಾಗೇ ಓಡಾಡುತ್ತಲ್ಲಾ!” ಎಂದಳು ಬೆಕ್ಕಿನ ಒಡತಿ.

“ಗೊತ್ತಿರೋ ಮನೆ. ಕುರ್ಚಿ ಆಚೀಚೆ ಮಾಡಿ ನೋಡಿ” ಎಂದಳು ಆರ್ಲೀನ್.

*

ಈಗ ಕ್ಯಾರಿನ್‌ಗೆ ಹೊಳೆಯಿತು. ಈಚೆಗೆ ಆರ್ಲೀನ್ ತನ್ನ ಟ್ರೇಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕತ್ತರಿ ಒಂದಿಂಚು ಸರಿದರೂ ರೇಗುತ್ತಿದ್ದಳು. ವಯಸ್ಸಿನ ಸಿಡುಕು ಎಂದು ಕ್ಯಾರಿನ್ ನಕ್ಕು ಸುಮ್ಮನಾಗಿದ್ದಳು. ದಿನಕ್ಕೆ ಹತ್ತು ಬೆಕ್ಕಿನ ಕಣ್ಣು ನೋಡುವವಳು ಪಕ್ಕದಲ್ಲಿ ನಿಂತವಳ ಕಣ್ಣು ನೋಡಿರಲಿಲ್ಲ.

“ನಿಮ್ಮಮ್ಮಂಗೂ ಇತ್ತಾ ಇದು? ರಕ್ತಸಂಬಂಧದಲ್ಲೇ ಬರೋ ಕಾಯಿಲೆ.”

“ಇತ್ತು. ಅದೆಲ್ಲ ಈಗ್ಯಾಕೆ? ಕಾಫಿ ತಗೋ.”

ಲವಾನ್ ಬಗ್ಗಿಸಿದ ಕಾಫಿ ಕಪ್ಪಿಗೆ ಬೀಳದೆ ಅದರ ಎಡಕ್ಕೆ, ಬಿಳಿ ಮೇಜುಬಟ್ಟೆಯ ಮೇಲೆ ಹರಿಯಿತು.

“ಅಯ್ಯೋ, ಅತ್ತೂ ಅತ್ತೂ ಕಣ್ಣು ಮಂಜಾಗಿದೆ.”

ಕ್ಯಾರಿನ್ ಸದ್ದು ಮಾಡದೆ ಅವಳ ಎಡಗಡೆಗೆ ಬಂದು ನಿಂತಳು.

“ಎಲ್ಲಿ ಹೋದೆ?” ಲವಾನ್ ಬಲಗಡೆ ಹುಡುಕಿದಳು.

“ಇಲ್ಲೇ ಇದೀನಿ.”

ಲವಾನ್ ಬೆಚ್ಚಿದಳು. ಆಮೇಲೆ ಗದರಿದಳು: “ನನ್ನನ್ನೇನು ಪರೀಕ್ಷೆ ಮಾಡ್ತೀಯಾ? ನಾನೇನು ನಿನ್ನ ಬೆಕ್ಕಾ?”

“ಬೆಕ್ಕಾಗಿದ್ರೆ ಈಗ್ಲೇ ಬುಟ್ಟೀಲಿ ಹಾಕ್ಕೊಂಡು ಹೋಗ್ತಿದ್ದೆ.” ಕ್ಯಾರಿನ್ ಅವಳ ಎದುರಿಗೆ ಬಂದಳು. “ಹೋದ ನೋಟ ವಾಪಸ್ ಬರಲ್ಲ, ಲವಾನ್. ಇರೋದನ್ನಾದ್ರೂ ಉಳಿಸ್ಕೋಬಹುದು. ನಾಳೆ ಬೆಳಗ್ಗೆ ಎಂಟೂವರೆಗೆ ಕಣ್ಣಾಸ್ಪತ್ರೆ. ಕಾರು ನಾನೇ ತರ್ತೀನಿ.”

ಲವಾನ್ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು.

“ಎಂಟೂವರೆನಾ? ಎಂಟಕ್ಕೇ ಬಾ. ತಿಂಡಿ ತಿನ್ಕೊಂಡು ಹೋಗೋಣ.”

ಅವಳು ಮೇಜು ಒರೆಸತೊಡಗಿದಳು. ಬಲಬದಿಯನ್ನು ಒತ್ತಿ ಒತ್ತಿ, ನೀಟಾಗಿ ಒರೆಸಿದಳು. ಎಡಬದಿಯಲ್ಲಿ ಕಾಫಿ ಅಂಚಿನವರೆಗೂ ಹರಿದು, ಅವಳ ಕರಿ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.